ವಿಕ್ಟೋರಿಯಾ ಕೆರೆಯ ಸ್ಟಾಂಪಿನ ಇಸವಿ

ಶ್ರೀನಿವಾಸಪುರ
4 ಜುಲೈ 2023

ಶ್ರೀ ಸೊಣ್ಣಪ್ಪನವರಿಗೆ ವೆಂಕಟರತ್ನಮ್ಮ ಮಾಡುವ ನಮಸ್ಕಾರಗಳು.

ನಾನು ಮೂವತ್ತಾರು ವರ್ಷ ಪ್ರೈಮರಿ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಈಗ ಎಂಬತ್ತೆರಡು. ವಾರಪತ್ರಿಕೆಯಲ್ಲಿ ನೀವು ಸ್ಟಾಂಪುಗಳ ಬಗ್ಗೆ ಬರೆಯುವ ‘ಅಂಟು-ನಂಟು’ ಅಂಕಣವನ್ನು ಭೂತಗನ್ನಡಿ ಹಿಡಿದು ತಪ್ಪದೆ ಓದುತ್ತೇನೆ. ‘ಫೋನು ಮಾಡುವವರಿಗೆ ಉತ್ತರವಿಲ್ಲ, ಕಾಗದ ಬರೆಯುವವರಿಗೆ ಉಂಟು’ ಎಂದು ಬರೆದಿದ್ದಿರಿ. ನನಗೂ ಕಿವಿ ಮಂದ. ಅನುಕೂಲವೇ ಆಯಿತು.

ಇದರ ಜೊತೆ ಒಂದು ಸ್ಟಾಂಪು ಇಟ್ಟಿದ್ದೇನೆ. ನೇರಳೆ ಬಣ್ಣ. ಮೇಲೆ ಇಂಗ್ಲೆಂಡಿನ ರಾಜನ ತಲೆ, ಕೆಳಗೆ ಆಫ್ರಿಕಾದ ವಿಕ್ಟೋರಿಯಾ ಕೆರೆ, ಅದರಲ್ಲಿ ಹಾಯಿದೋಣಿ. ನಮ್ಮ ತಂದೆ ಆಂಜಿನಪ್ಪನವರು, ಮನೆಮಾತಿನಲ್ಲಿ ನಾಯನ, ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ನನಗೆ ಏಳು ವರ್ಷವಿದ್ದಾಗ ಆ ಕೆರೆಯ ದಡದ ರೈಲ್ವೆ ಕೆಲಸಕ್ಕೆ ಹೋದರು. 1951ರ ಶಿವರಾತ್ರಿ ಕಳೆದ ವಾರ, ಅಲ್ಲಿಂದ ವಾಪಸು ಬಂದ ಗಣಿಯವನೊಬ್ಬ ಮನೆ ಬಾಗಿಲಿಗೆ ಬಂದು, ಆಂಜಿನಪ್ಪ ದೋಣಿ ಮಗುಚಿ ಹೋದ ಎಂದು ಹೇಳಿ, ಮಜ್ಜಿಗೆ ಕುಡಿದು ಹೋದ. ಕರ್ಮಾಂತರವಾಯಿತು. ಅಮ್ಮನ ಬಳೆ ಒಡೆದರು.

ಅದೇ ವರ್ಷ ದೀಪಾವಳಿ ಹೊತ್ತಿಗೆ ನಾಯನನ ಕೈಬರಹದ ಲಕೋಟೆ ಬಂತು. ಮನೆಗೆ ಹಿರಿಯರಾದ ಪೆದ್ದನಾಯನ, ಅಂದರೆ ನಾಯನನ ಅಣ್ಣ, ‘ಇದು ಸಾಯೋಕೆ ಮುಂಚೆ ಹಾಕಿದ್ದು, ಹಡಗಿನಲ್ಲಿ ತಡವಾಗಿದೆ’ ಎಂದರು. ಸತ್ತವರ ಕಾಗದ ಮನೆಯೊಳಗೆ ಇರಬಾರದಲ್ಲ, ಬೀದಿಯಲ್ಲೇ ನಿಂತು ತಮ್ಮೊಳಗೇ ಓದಿಕೊಂಡು, ಚೂರು ಚೂರು ಮಾಡಿ, ಸ್ನಾನ ಮಾಡಿ ಒಳಗೆ ಬಂದರು. ಲಕೋಟೆಯನ್ನು ಮಾತ್ರ ಯಾಕೆ ಉಳಿಸಿಕೊಂಡರೋ. ಹೋದ ತಿಂಗಳು ಅವರ ಸೊಸೆ ರಾಮಲಕ್ಷ್ಮಮ್ಮ ಹಳೇ ಟ್ರಂಕನ್ನು ಗುಜರಿಗೆ ಹಾಕುವಾಗ ಸಿಕ್ಕಿತೆಂದು ತಂದುಕೊಟ್ಟಳು.

ಅಂಚೆ ಮುದ್ರೆ ಸ್ಟಾಂಪಿನ ಮೇಲಿದೆ. ಕಣ್ಣಿನ ಪೊರೆಯಿಂದ ನನಗೆ ಅದು ಇರುವೆ ಸಾಲಿನಂತೆ ಕಾಣುತ್ತದೆ. ಊರವರ ಕೈಗೆ ಕೊಟ್ಟು ಓದಿಸುವ ವಿಷಯವೂ ಇದಲ್ಲ. ಅದರಲ್ಲಿರುವ ಇಸವಿ 1950ಓ 1951ಓ, ಅಷ್ಟು ನೋಡಿ ಹೇಳಿದರೆ ಉಪಕಾರ. ಐವತ್ತಾದರೆ ಪೆದ್ದನಾಯನ ಹೇಳಿದ್ದು ಸರಿ. ಐವತ್ತೊಂದಾದರೆ, ನಾವು ಪಿಂಡವಿಟ್ಟ ಮೇಲೂ ನಾಯನ ಬದುಕಿದ್ದರು.

ಇಂತಿ,
ವೆಂಕಟರತ್ನಮ್ಮ


ಮಾಲೂರು
12 ಜುಲೈ 2023

ಪೂಜ್ಯ ವೆಂಕಟರತ್ನಮ್ಮ ಮೇಡಂ ಅವರಿಗೆ,

ರೈಲಿನ ಅಂಚೆ ಬೋಗಿಯಲ್ಲಿ ನಿಂತುಕೊಂಡೇ ಮೂವತ್ತನಾಲ್ಕು ವರ್ಷ ಕಾಗದ ವಿಂಗಡಿಸಿದ, ಈಗ ಮಾಲೂರಿನ ಇಟ್ಟಿಗೆ ಗೂಡುಗಳ ಧೂಳು ಒರೆಸುತ್ತ ಕುಳಿತಿರುವ ಸೊಣ್ಣಪ್ಪನ ಸಾಷ್ಟಾಂಗ. ನನ್ನ ಅಂಕಣಕ್ಕೆ ಓದುಗರಿದ್ದಾರೆಂದು ಸಂಪಾದಕರು ಹೇಳುತ್ತಿದ್ದರು. ನಾನು ನಂಬಿರಲಿಲ್ಲ. ಈಗ ಲಿಖಿತ ಪುರಾವೆ ಸಿಕ್ಕಿದೆ, ಚೌಕಟ್ಟು ಹಾಕಿಸುತ್ತೇನೆ.

ತಮ್ಮ ಸ್ಟಾಂಪನ್ನು ಸ್ನಾನ ಮಾಡಿ, ಶುದ್ಧ ವಸ್ತ್ರ ಹಾಸಿ, ಇಕ್ಕಳದಿಂದ ಎತ್ತಿ ನೋಡಿದೆ. ಕೆರೆ ಎಂದರೆ ಕೆರೆ. ಒಂದು ದಡದಿಂದ ಇನ್ನೊಂದು ದಡ ಕಾಣುವುದಿಲ್ಲವಂತೆ. ನಮ್ಮ ಜಿಲ್ಲೆಯಲ್ಲೂ ಸಾವಿರಾರು ಕೆರೆಗಳಿವೆ, ಆದರೆ ಅವುಗಳಲ್ಲಿ ಹಾಯಿದೋಣಿ ಬಿಟ್ಟವರನ್ನು ನಾನು ಕಂಡಿಲ್ಲ. ಕ್ರಿಕೆಟ್ ಆಡಿದವರನ್ನು ಕಂಡಿದ್ದೇನೆ.

ಮುದ್ರೆಯ ವಿಷಯ. ಊರಿನ ಹೆಸರಿನ ಬಾಲ ಸಿಕ್ಕಿದೆ, ‘ಉಮು’ ಅಂತ. ಅಂದರೆ ಆ ಕೆರೆಯ ದಡದ ಕಿಸುಮು. ಕೆಳಗೆ ‘9 ಆಗಸ್ಟ್’. ಇಸವಿ ಮಹಾಶಯರು ಮದುವೆಗೆ ತಡವಾಗಿ ಬರುವ ಸೋದರಮಾವನ ಹಾಗೆ ಇನ್ನೂ ಮುಖ ತೋರಿಸಿಲ್ಲ. ಬರುತ್ತಾರೆ.

ಒಂದು ಸಣ್ಣ ಮಾತು. ಲಕೋಟೆಯ ಉಳಿದ ಭಾಗ ತಮ್ಮ ಬಳಿ ಇದೆಯಲ್ಲ? ಸುಮ್ಮನೆ ಕುತೂಹಲಕ್ಕೆ ಕೇಳಿದೆ. ಇದ್ದರೆ ದಯವಿಟ್ಟು ಹಾಗೇ ಇಡಿ. ಯಾರಿಗೂ ಕೊಡಬೇಡಿ. ಮಡಚಬೇಡಿ.

ವಿಧೇಯ,
ಸೊಣ್ಣಪ್ಪ


ಶ್ರೀನಿವಾಸಪುರ
18 ಜುಲೈ 2023

ಶ್ರೀ ಸೊಣ್ಣಪ್ಪನವರಿಗೆ ನಮಸ್ಕಾರ.

ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ ಎಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ನಿಮ್ಮ ಮೇ ತಿಂಗಳ ಅಂಕಣ ಕತ್ತರಿಸಿ ಇಟ್ಟುಕೊಂಡಿದ್ದೇನೆ. ‘ಸ್ಟಾಂಪಿನ ಮಂಗಳಸ್ನಾನ’ ಎಂದು ಅದರ ಹೆಸರು. ಲಕೋಟೆಯ ಮೂಲೆ ಕತ್ತರಿಸಿ, ಉಗುರುಬೆಚ್ಚನೆ ನೀರಿನಲ್ಲಿ ತೇಲಿಬಿಟ್ಟು, ಅಂಟು ಬಿಟ್ಟ ಮೇಲೆ ಪೇಪರ್ ಮಧ್ಯೆ ಒಣಗಿಸಿ, ಭಾರ ಹೇರಬೇಕು. ‘ಸ್ಟಾಂಪು ಬಿಡಿಸಿದ ಮೇಲೆ ಲಕೋಟೆ ಜೋಪಾನ ಮಾಡುವವನು ಬಾಳೆಹಣ್ಣು ತಿಂದು ಸಿಪ್ಪೆಗೆ ಬೀಗ ಹಾಕುವವನು’ ಎಂದು ಕೊನೆಗೆ ಬರೆದಿದ್ದೀರಿ. ಒಬ್ಬಳೇ ಕುಳಿತು ನಕ್ಕಿದ್ದೆ.

ಅದರಂತೆ ಹಿತ್ತಾಳೆ ತಟ್ಟೆಯಲ್ಲಿ ನೆನೆಸಿದೆ. ರಾಗಿಹಿಟ್ಟಿನ ಡಬ್ಬ ಹೇರಿದೆ. ಉಳಿದ ಲಕೋಟೆಯನ್ನು ಅವತ್ತೇ ನೀರೊಲೆಗೆ ಹಾಕಿದೆ. ಹಳೇ ಕಾಗದ, ಬೇಗ ಹತ್ತಿಕೊಂಡಿತು. ಸ್ಟಾಂಪಿನ ಒಂದು ಹಲ್ಲೂ ಮುರಿದಿಲ್ಲ, ನೋಡಿರಬೇಕು. ಹತ್ತಕ್ಕೆ ಎಷ್ಟು ಕೊಡುತ್ತೀರಿ?

ಇಸವಿ ಸಿಕ್ಕಿದ ಕೂಡಲೇ ಒಂದು ಕಾರ್ಡು ಹಾಕಿ.

ವೆಂಕಟರತ್ನಮ್ಮ


ಮಾಲೂರು
30 ಸೆಪ್ಟೆಂಬರ್ 2023

ಪೂಜ್ಯ ಮೇಡಂ ಅವರಿಗೆ,

ಎರಡು ತಿಂಗಳು ಮೌನವ್ರತದಲ್ಲಿದ್ದೆ. ಹತ್ತಕ್ಕೆ ಹತ್ತು. ಇಷ್ಟು ನಾಜೂಕಾಗಿ ಸ್ಟಾಂಪು ಬಿಡಿಸಿದ ಶಿಷ್ಯರು ನನಗೆ ಇನ್ನೊಬ್ಬರಿಲ್ಲ.

ತಡಕ್ಕೆ ಕಾರಣಗಳು ಹಲವು. ಮೊದಲು ಮಂಡಿ ನೋವು. ಆಮೇಲೆ ಬೆಂಗಳೂರಿನಲ್ಲಿ ಈ ವಿದ್ಯೆ ಬಲ್ಲವರಿಗೆ ತೋರಿಸೋಣವೆಂದು ಬೆಳಗಿನ ರೈಲು ಹತ್ತಿದೆ. ಮಾಲೂರಿನ ಬೆಳಗಿನ ರೈಲು ಎಂದರೆ ತಮಗೆ ಗೊತ್ತಿರಬೇಕು. ಜೇಬಿನಲ್ಲಿ ಸ್ಟಾಂಪು, ಜೇಬಿನ ಮೇಲೆ ನನ್ನ ಕೈ, ಕೈಯ ಮೇಲೆ ಇನ್ನು ಮೂವರ ಕೈ. ವಿಕ್ಟೋರಿಯಾ ಕೆರೆ ದಾಟಿದ ಸ್ಟಾಂಪು ವೈಟ್‌ಫೀಲ್ಡ್ ದಾಟುವಾಗ ಬೆವೆತಿತು. ಅಲ್ಲಿಯ ತಜ್ಞರು ಮಸೂರ ಹಿಡಿದು ನೋಡಿ, ತಲೆ ಕೆರೆದುಕೊಂಡು, ಚಹಾ ಕೊಟ್ಟು ಕಳಿಸಿದರು. ಇನ್ನೊಬ್ಬರು ನೀಲಿ ದೀಪದಲ್ಲಿ ನೋಡುತ್ತಾರಂತೆ, ಆದರೆ ಅವರು ಊರಿನಲ್ಲಿಲ್ಲ.

ಇಷ್ಟೇ ಸಮಾಚಾರ. ಅಂಕಣಕ್ಕೆ ಸ್ವಲ್ಪ ವಿರಾಮ ಕೊಟ್ಟಿದ್ದೇನೆ. ಜನರಿಗೆ ಬುದ್ಧಿ ಹೇಳಿ ಹೇಳಿ ಸಾಕಾಗಿದೆ.

ತಾವು ಆರೋಗ್ಯ ನೋಡಿಕೊಳ್ಳಿ.

ಸೊಣ್ಣಪ್ಪ


ಶ್ರೀನಿವಾಸಪುರ
9 ಅಕ್ಟೋಬರ್ 2023

ಸೊಣ್ಣಪ್ಪನವರಿಗೆ,

ಅಂಕಣ ನಿಂತಾಗಲೇ ನಿಮಗೆ ಮೈಯಲ್ಲಿ ಸರಿಯಿಲ್ಲ ಎಂದುಕೊಂಡೆ. ಮಂಡಿಗೆ ಹರಳೆಣ್ಣೆ ಹಚ್ಚಿ ಬಿಸಿನೀರು ಹಾಕಿಕೊಳ್ಳಿ. ನನ್ನಿಂದ ರೈಲಿನಲ್ಲಿ ನುಗ್ಗಾಡುವಂತಾಯಿತಲ್ಲ ಎಂದು ಬೇಸರವಾಗಿದೆ.

ಆದರೂ ಕೇಳದೆ ಇರಲಾರೆ. ಬರುವ ತಿಂಗಳು ಕೋಲಾರದಲ್ಲಿ ಕಣ್ಣಿನ ಆಪರೇಷನ್. ನೆಂಟರ ಹುಡುಗಿ ಚೈತನ್ಯ ಅಲ್ಲೇ ನರ್ಸು, ಭಯವೇನಿಲ್ಲ ಎನ್ನುತ್ತಾಳೆ. ಭಯವಿಲ್ಲ. ಆ ಮೇಜಿನ ಮೇಲೆ ಮಲಗುವ ಮೊದಲು ಇಸವಿ ತಿಳಿದಿದ್ದರೆ ಸಾಕು.

ಅಮ್ಮನ ವಿಷಯ ಹೇಳುತ್ತೇನೆ. ಬಳೆ ಒಡೆದ ಮೇಲೆ ನಲವತ್ತಮೂರು ವರ್ಷ ಬದುಕಿದ್ದಳು. ವಿಧವೆ ಹೇಗಿರಬೇಕೆಂದು ಊರು ಹೇಳುತ್ತದೋ ಹಾಗೇ ಇದ್ದಳು. ಆದರೆ ಪ್ರತಿ ಗೌರಿಹಬ್ಬದ ಬೆಳಿಗ್ಗೆ ಬಚ್ಚಲಮನೆ ಬಾಗಿಲು ಹಾಕಿಕೊಂಡು, ಸೆರಗಿನೊಳಗೆ, ಎದೆಯ ಮೇಲೆ ಚಿಟಿಕೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಒಮ್ಮೆ ನಾನು ನೋಡಿಬಿಟ್ಟೆ. ಯಾಕಮ್ಮಾ ಎಂದೆ. ‘ಎವುರಿಕಿ ತೆಲುಸೇ. ಯಾರಿಗೆ ಗೊತ್ತು. ನೋಡಿದವರು ಯಾರು?’ ಎಂದಳು.

ಯಾವ ಉತ್ತರ ನನಗೆ ಹಿತ ಎಂದು ನೀವು ತೂಗಬೇಡಿ. ಕಂಡಿದ್ದನ್ನು ಒಂದು ಸಾಲಿನಲ್ಲಿ ಬರೆಯಿರಿ.

ವೆಂಕಟರತ್ನಮ್ಮ


ಮಾಲೂರು
2 ನವೆಂಬರ್ 2023

ಪೂಜ್ಯ ವೆಂಕಟರತ್ನಮ್ಮ ಮೇಡಂ,

1951.

ನೀಲಿ ದೀಪದಲ್ಲಿ ಸ್ಪಷ್ಟವಾಗಿ ಕಂಡಿತು. ನಿಮ್ಮ ನಾಯನವರು ಬದುಕಿದ್ದರು. ಅಮ್ಮನವರ ಕುಂಕುಮ ಸುಳ್ಳಾಗಲಿಲ್ಲ. ಧೈರ್ಯವಾಗಿ ಕಣ್ಣು ಮಾಡಿಸಿಕೊಂಡು ಬನ್ನಿ, ಈ ದೀಪಾವಳಿಗೆ ಒಬ್ಬಟ್ಟು ಮಾಡಿ ತಿನ್ನಿ.

ಸೊಣ್ಣಪ್ಪ


ಶ್ರೀನಿವಾಸಪುರ
18 ಡಿಸೆಂಬರ್ 2023

ಸೊಣ್ಣಪ್ಪನವರಿಗೆ,

ನಿಮ್ಮ ಕಾಗದ ಬಂದು ಆರು ವಾರವಾಯಿತು. ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆ. ಎಲ್ಲವೂ ಕಾಣುತ್ತಿದೆ.

ಕೇಳಿದ್ದಕ್ಕೆ ಉತ್ತರ ಕೊಟ್ಟಿದ್ದೀರಿ, ನಿಮ್ಮ ಮೇಲೆ ಯಾವ ದೂರೂ ಇಲ್ಲ. ನಾನು ಮೊದಲೇ ಹೇಳಬೇಕಾದ ಒಂದು ವಿಷಯ ಹೇಳಿರಲಿಲ್ಲ. ಯಾರಿಗೂ ಹೇಳಿಲ್ಲ. ನಮ್ಮ ಯಜಮಾನರಿಗೂ ಹೇಳಿರಲಿಲ್ಲ.

ಪೆದ್ದನಾಯನ ಆ ಲಕೋಟೆ ಉಳಿಸಿಕೊಂಡದ್ದು ಹಿಂದುಗಡೆ ಇದ್ದ ವಿಳಾಸಕ್ಕಾಗಿ. ಕಾಗದ ಹರಿದ ಮಾರನೆಯ ದಿನ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡರು. ಅವರಿಗೆ ಓದಲು ಬರುತ್ತಿತ್ತು, ಬರೆಯುವಾಗ ಕೈ ನಡುಗುತ್ತಿತ್ತು. ನನ್ನ ಅಕ್ಷರ ದುಂಡಗೆ ಎಂದು ಮನೆಯಲ್ಲೆಲ್ಲ ಹೆಸರು. ‘ಅಲ್ಲಿ ನಿಮ್ಮ ನಾಯನ ಜೊತೆ ರೂಮಿನಲ್ಲಿದ್ದೋರಿಗೆ ತಿಳಿಸ್ಬೇಕು ಕಣೇ, ಹೇಳಿದಂಗೆ ಬರಿ’ ಎಂದರು. ಬರೆದೆ. ಆಂಜಿನಪ್ಪನವರು ತೀರಿಹೋಗಿ ಕರ್ಮಾಂತರವಾಗಿದೆ. ಅವರ ಹೆಂಡತಿ, ಮಗಳು ಈ ಊರಿನಲ್ಲಿ ಇಲ್ಲ. ಎಲ್ಲಿದ್ದಾರೆಂದು ನಮಗೆ ತಿಳಿಯದು. ಈ ಮನೆಗೆ ಇನ್ನು ಯಾರೂ ಬರುವುದು, ಬರೆಯುವುದು ಬೇಡ.

ನಾವು ಇಲ್ಲೇ ಇದ್ದೀವಲ್ಲ ಪೆದ್ದನಾಯನ ಎಂದು ಕೇಳಿದೆ. ‘ಹಂಗೆ ಬರೀದೆ ಇದ್ರೆ ಸಾಲಗಾರರು ಬಂದು ಕೂರ್ತಾರೆ, ನಿಮ್ಮಮ್ಮನ್ನ ಎಳೀತಾರೆ’ ಎಂದರು. ಹತ್ತು ವರ್ಷದವಳು, ನಂಬಿದೆ. ಅವರೂ ಅದನ್ನೇ ನಂಬಿದ್ದರೋ ಏನೋ. ಆಮೇಲೆ ಆಫ್ರಿಕಾದಿಂದ ಒಂದು ಕಾಗದವೂ ಬರಲಿಲ್ಲ.

ನನಗೆ ಬೇಕಾಗಿದ್ದದ್ದು ಐವತ್ತು. ಐವತ್ತಾಗಿದ್ದರೆ ನಾನು ಬರೆದದ್ದು ಯಾರೋ ಜೊತೆಗಾರರ ಕೈ ಸೇರುತ್ತಿತ್ತು. ಐವತ್ತೊಂದಾದ ಮೇಲೆ ಅದು ಸೇರಿದ್ದು ನಾಯನನ ಕೈಯನ್ನೇ. ನನಗೆ ಅಕ್ಷರ ತಿದ್ದಿಸಿದವರೂ ಅವರೇ. ಮೊರದಲ್ಲಿ ರಾಗಿ ಹರವಿ, ನನ್ನ ಬೆರಳು ಹಿಡಿದು. ಯಾರ ಬರಹ ಎಂದು ಅವರಿಗೆ ಹೇಳಬೇಕಾಗಿರಲಿಲ್ಲ.

ಈ ಸಲ ಒಬ್ಬಟ್ಟು ಮಾಡಲಿಲ್ಲ.

ವೆಂಕಟರತ್ನಮ್ಮ


ಮಾಲೂರು
24 ಡಿಸೆಂಬರ್ 2023

ಅಮ್ಮಾ,

ನಿಮ್ಮ ಕಾಗದ ಬಂದ ದಿನವೇ ಬಸ್ಸು ಹತ್ತಿದೆ. ಕೋಲಾರದವರೆಗೆ ಬಂದೆ. ಶ್ರೀನಿವಾಸಪುರದ ಬಸ್ಸು ಎದುರಿಗೇ ನಿಂತಿತ್ತು. ಕಂಡಕ್ಟರು ‘ಹತ್ತೋದಾದ್ರೆ ಹತ್ತು ತಾತ, ಬಾಗ್ಲಲ್ಲಿ ನಿಂತ್ಕೊಂಡು ಯಾಕೆ ಯೋಚ್ನೆ’ ಎಂದ. ಹತ್ತಲಾಗಲಿಲ್ಲ. ಎದುರಿಗೆ ಕುಳಿತು ಹೇಳುವ ಮುಖವಿಲ್ಲದೆ ಬರೆಯುತ್ತಿದ್ದೇನೆ.

ಇಸವಿ ನನಗೆ ಗೊತ್ತಿಲ್ಲ. ಯಾವತ್ತೂ ಗೊತ್ತಿರಲಿಲ್ಲ. ಮುದ್ರೆಯ ಅರ್ಧ ಮಾತ್ರ ಸ್ಟಾಂಪಿನ ಮೇಲೆ ಬಿದ್ದಿತ್ತು. ಇಸವಿ ಇದ್ದ ಅರ್ಧ ಲಕೋಟೆಯ ಮೇಲಿತ್ತು. ನಿಮ್ಮ ಮೊದಲ ಕಾಗದ ಬಿಡಿಸಿದ ಗಳಿಗೆಯಲ್ಲೇ ಅದು ತಿಳಿಯಿತು. ಅದಕ್ಕೇ ಲಕೋಟೆ ಕೇಳಿದ್ದು. ನೀರೊಲೆಗೆ ಹಾಕಿದೆ ಎಂದು ನೀವು ಬರೆದಿರಿ. ಹಾಕಿಸಿದವನು ನಾನು. ಹಳೇ ಲಕೋಟೆಯ ಮೇಲಿನ ಸ್ಟಾಂಪನ್ನು ಬಿಡಿಸಲೇಬಾರದು, ಮುದ್ರೆ ಇರುವುದು ಎರಡರ ಮೇಲೂ ಸೇರಿ ಎಂದು ನಮ್ಮ ಕಸುಬಿನಲ್ಲಿ ಮೊದಲ ದಿನ ಕಲಿಸುತ್ತಾರೆ. ನಾನು ಅದನ್ನು ಬರೆಯಲಿಲ್ಲ. ಬರೆದರೆ ನಗು ಬರುವುದಿಲ್ಲ. ಬಾಳೆಹಣ್ಣಿನ ಸಿಪ್ಪೆ ಎಂದರೆ ಜನ ನಗುತ್ತಾರೆ.

ಬೆಂಗಳೂರಿಗೆ ಹೋಗಿದ್ದು ನಿಜ. ನೀಲಿ ದೀಪ ಸುಳ್ಳು. ನೀಲಿ ದೀಪದವರೇ ಇಲ್ಲ. ಅಮ್ಮನವರ ಕುಂಕುಮದ ವಿಷಯ ಓದಿದ ಮೇಲೆ, ನಾಯನ ಇನ್ನಷ್ಟು ದಿನ ಇದ್ದರು ಎಂದರೆ ಯಾವ ಮಗಳಿಗೆ ತಾನೇ ಸಂತೋಷವಾಗುವುದಿಲ್ಲ ಎಂದುಕೊಂಡೆ. ನಿಮಗೆ ಹಿತವಾಗಲೆಂದು ಐವತ್ತೊಂದು ಎಂದೆ. ನಾಣ್ಯ ಚಿಮ್ಮಿದ ಹಾಗೆ. ತೂಗಬೇಡಿ ಎಂದಿದ್ದಿರಿ, ತೂಗಿದೆ.

ಐವತ್ತೂ ಆಗಿರಬಹುದು ಅಮ್ಮಾ. ಇದನ್ನು ನಂಬಿ. ನಾನೇ ಕಂಡಿದ್ದೇನೆ, ಅಂಚೆ ಬೋಗಿಯ ಮರದ ಕಪಾಟಿನ ಹಿಂದೆ ಜಾರಿ ಬಿದ್ದ ಒಂದು ಕಟ್ಟು ಎರಡು ವರ್ಷ ಜೋಲಾರ್‌ಪೇಟೆಗೂ ಬೆಂಗಳೂರಿಗೂ ಓಡಾಡಿಕೊಂಡಿತ್ತು. ಅದರಲ್ಲಿ ಮದುವೆಯ ಕರೆಯೋಲೆಗಳಿದ್ದವು. ತಲುಪಿಸುವ ಹೊತ್ತಿಗೆ ಆ ಮದುವೆಗಳ ಮಕ್ಕಳು ನಡೆಯುತ್ತಿದ್ದವು. ಸಮುದ್ರ ದಾಟಿ ಬರುವ ಕಾಗದ ಒಂದು ವರ್ಷ ತಡವಾಗುವುದು ದೊಡ್ಡದಲ್ಲ. ನಿಮ್ಮ ಪೆದ್ದನಾಯನ ಹೇಳಿದ್ದು ನಿಜವೇ ಇರಬಹುದು. ಇಲ್ಲದೆಯೂ ಇರಬಹುದು. ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ, ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ಹಾಗೆ ಮಾಡಿದವನು ನಾನು.

ಸ್ಟಾಂಪನ್ನು ಇದರ ಜೊತೆ ಇಟ್ಟಿದ್ದೇನೆ. ಈಗ ನಿಮಗೆ ಕಣ್ಣು ಕಾಣುತ್ತದೆ. ನೀವೇ ನೋಡಿ, ಇಸವಿ ಅದರ ಮೇಲೆ ಇಲ್ಲವೇ ಇಲ್ಲ. ಅಂಕಣವನ್ನು ಇನ್ನು ಬರೆಯುವುದಿಲ್ಲ. ನೀವು ಬಾ ಎಂದು ಒಂದು ಸಾಲು ಹಾಕಿದರೆ ಬಂದು ಕಾಲಿಗೆ ಬೀಳುತ್ತೇನೆ.

ಸೊಣ್ಣಪ್ಪ


ಶ್ರೀನಿವಾಸಪುರ
6 ಜನವರಿ 2024

ಸೊಣ್ಣಪ್ಪನವರಿಗೆ ನಮಸ್ಕಾರಗಳು.

ನಿಮ್ಮ ನಾಲ್ಕು ಹಾಳೆಯ ಕಾಗದ ಬಂತು. ಮೂರು ಸಲ ಓದಿದೆ. ನೀವು ಒಳ್ಳೆಯ ಮನುಷ್ಯರು. ಕಾಲಿಗೆ ಬೀಳುವಂಥದ್ದು ಏನೂ ಆಗಿಲ್ಲ. ಮಂಡಿ ನೋವಿನವರು ಚಳಿಯಲ್ಲಿ ಬಸ್ಸು ಹತ್ತಬೇಡಿ.

ಸ್ಟಾಂಪನ್ನು ಹಗಲು ಬೆಳಕಿನಲ್ಲಿ, ಹೊಸ ಕಣ್ಣಿನಲ್ಲಿ ನೋಡಿದೆ. ಇಸವಿ ಇಲ್ಲ, ನಿಜ. ಆದರೆ ಬಲಗಡೆ, ದೋಣಿಯ ಹಾಯಿ ಮುಗಿಯುವ ಜಾಗದಲ್ಲಿ ಬಣ್ಣ ತೆಳುವಾಗಿದೆ, ಕಾಗದದ ಜುಂಗು ಎದ್ದಿದೆ. ಮೂವತ್ತಾರು ವರ್ಷ ಮಕ್ಕಳ ಪ್ರೋಗ್ರೆಸ್ ಕಾರ್ಡು ನೋಡಿದವಳು ನಾನು. ಅಪ್ಪನಿಗೆ ತೋರಿಸುವ ಮೊದಲು ಬೆರಳಿಗೆ ಎಂಜಲು ಹಚ್ಚಿ ಅಂಕಿ ಉಜ್ಜಿ ತೆಗೆದ ಜಾಗ ಹೀಗೇ ಇರುತ್ತದೆ. ಹೊಡೆಯಲು ಕೋಲು ಎತ್ತಿ, ಯಾವ ಕಷ್ಟಕ್ಕೆ ಉಜ್ಜಿತೋ ಪಾಪ ಎಂದು ಎಷ್ಟೋ ಸಲ ಇಳಿಸಿದ್ದೇನೆ. ನೀವು ಉಜ್ಜಿದ್ದು ನನಗಾಗಿ.

ತರಗತಿಯಲ್ಲಿ ಇನ್ನೊಂದು ಕಲಿತಿದ್ದೆ. ನಿಜ ಹೇಳುವ ಹುಡುಗ ಒಂದು ಮಾತು ಹೇಳಿ ತಲೆ ತಗ್ಗಿಸುತ್ತಾನೆ. ರೈಲು ಬಂತು, ಕಪಾಟು ಬಂತು, ಮದುವೆ ಬಂತು ಎಂದು ಕಥೆ ಹೇಳಿದನೆಂದರೆ ಯಾರನ್ನೋ ಕಾಪಾಡುತ್ತಿದ್ದಾನೆ ಎಂದು ಅರ್ಥ. ನವೆಂಬರಿನಲ್ಲಿ ನೀವು ಬರೆದದ್ದು ನಾಲ್ಕೇ ಅಂಕಿ.

ಪ್ರತಿ ಶಿವರಾತ್ರಿ ಕಳೆದ ಮೇಲೆ ನಾಯನನ ತಿಥಿಗೆ ಎಡೆ ಇಡುತ್ತಿದ್ದೆ. ಈ ವರ್ಷದಿಂದ ಇಡುವುದಿಲ್ಲ. ಅವರು ಹೋದ ದಿನ ಅದಲ್ಲ, ಯಾವುದೆಂದು ಹೇಳುವವರೂ ಇಲ್ಲ. ಕಾರಣ ಕೇಳಿದ ರಾಮಲಕ್ಷ್ಮಮ್ಮನಿಗೆ ಮರೆವು ಹೆಚ್ಚಾಗಿದೆ ಎಂದು ಹೇಳಿದ್ದೇನೆ.

ಒಂದೇ ಒಂದು ಯೋಚನೆ ಬರುತ್ತಿತ್ತು, ಹತ್ತು ವರ್ಷದ ಹುಡುಗಿ ಬರೆದದ್ದು ಅವರಿಗೆ ಸರಿಯಾಗಿ ಅರ್ಥವಾಗದೆಯೂ ಇರಬಹುದು ಎಂದು. ಅದೂ ಸುಳ್ಳು. ನನಗೆ ಚೆನ್ನಾಗಿ ನೆನಪಿದೆ. ಸ್ಪಷ್ಟವಾಗಿ ಬರೆದಿದ್ದೆ. ಒಂದು ಕಾಟಿಲ್ಲ, ಒಂದು ಚಿತ್ತಿಲ್ಲ.

ವೆಂಕಟರತ್ನಮ್ಮ